ಫಾರ್ಮ್ಯಾಟ್ ಆದ ಡಿಸ್ಕಿನಿಂದ ಕಡತಗಳ ಹೆಸರೂ ಮರಳಿ ಸಿಗುವುದೇ? ಸಹಾಯ ಬೇಕು

ರಿಪೇರಿ ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕುವಾಗ ಡಿ ಡ್ರೈವನ್ನೂ ಕ್ವಿಕ್ ಫಾರ್ಮ್ಯಾಟ್ (ಒಳಗಿನದನ್ನು ಪೂರ್ತಿ ಅಳಿಸದೆ ಡ್ರೈವ್ ಖಾಲಿ ಎಂದು ಗುರುತಿಸುವುದು) ಮಾಡಿಬಿಟ್ಟಿದ್ದಾರೆ. ನನ್ನ ತಂದೆಯವರು ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡಿದ್ದ ತಾಳಮದ್ದಳೆಗಳೆಲ್ಲ ಅದರಲ್ಲಿದ್ದವು. ಅದು ಫಾರ್ಮ್ಯಾಟ್ ಆದೊಡನೆ ಹಳೆಯ ದತ್ತಾಂಶವನ್ನು ತಾನೇ ಅಳಿಸಿಬಿಡಬಹುದಾದ ಎಸ್‌ಎಸ್‌ಡಿ ಅಲ್ಲ, ಹಳೆಯ ಹಾರ್ಡ್ ಡಿಸ್ಕ್ ಎಂಬುದೊಂದೇ ಸಮಾಧಾನ. ಅದಕ್ಕೆ ಏನನ್ನೂ ಬರೆಯದೆ, ಡಿಡಿರೆಸ್ಕ್ಯೂ ತಂತ್ರಾಂಶದ ಮೂಲಕ ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ, ಕಳೆದುಹೋದ ಕಡತಗಳನ್ನು ಹುಡುಕಿಕೊಡುವ ಫೋಟೋರೆಕ್ ತಂತ್ರಾಂಶ ನಡೆಸಿದೆ. ಎಂಪಿ3 ಕಡತಗಳು ಸಿಕ್ಕಿವೆ, ಸರಿಯಾಗಿ ಕೇಳಿಸುತ್ತಲೂ ಇವೆ. ಆದರೆ ‘ಕರ್ಣಪರ್ವ’ ಎಂದಿದ್ದಲ್ಲಿ ಈಗ ‘ಎಫ್1284736’ ಎಂದಿದೆ, ಮತ್ತು ಊರು, ಅರ್ಥಧಾರಿಗಳ ವಿವರವೆಲ್ಲ ಆ ಹಳೆಯ ಫೋಲ್ಡರ್‌ಗಳ ಹೆಸರಿನಲ್ಲೇ ಇತ್ತು. ಎನ್‌ಟಿಎಫ್‌ಎಸ್‌ನಲ್ಲಿ (ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಇಡುವ ವ್ಯವಸ್ಥೆ) ಹೆಸರುಗಳು ಎಂಎಫ್‌ಟಿ ಎಂಬ, ಎಲ್ಲ ಕಡತಗಳ ಪಟ್ಟಿಯಿರುವ ಕೋಷ್ಟಕದಲ್ಲಿರುತ್ತವೆ, ಕ್ವಿಕ್ ಫಾರ್ಮ್ಯಾಟ್ ಆದರೂ ಅದರ ಹಳೆಯ ದಾಖಲೆಗಳು ಬಹುಪಾಲು ಉಳಿದಿರಬಹುದು ಎಂದು ಓದಿದ್ದೇನೆ. ಆದರೆ ಕಳೆದುಹೋದ ಡ್ರೈವ್‌ಗಳನ್ನು ಮರಳಿ ತರುವ ಟೆಸ್ಟ್‌ಡಿಸ್ಕ್ ತಂತ್ರಾಂಶ ಮಾತ್ರ ಖಾಲಿ ಡ್ರೈವನ್ನೇ ತೋರಿಸುತ್ತಿದೆ. ಡಿಸ್ಕಿನ ಪ್ರತಿಯಿಂದ ಆ ಹಳೆಯ ದಾಖಲೆಗಳನ್ನು ಹುಡುಕಿ, ಹೆಸರು ಮತ್ತು ಫೋಲ್ಡರ್ ಸಮೇತ ಕಡತಗಳನ್ನು ಹೊರತೆಗೆಯಬಲ್ಲ ತಂತ್ರಾಂಶ ಯಾವುದು? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.