ಅಪ್‌ಡೇಟ್: ಸ್ಕ್ರೀನ್ ಲಾಕ್ ತಡವಾಗಿ ಬೀಳುತ್ತಿದ್ದ ಸಮಸ್ಯೆ ಬಗೆಹರಿಯಿತು
ಲಿನಕ್ಸ್ ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದಾಗ, ಐ3ಲಾಕ್ (ಪಾಸ್‌ವರ್ಡ್ ಕೊಡುವವರೆಗೆ ಪರದೆಗೆ ಬೀಗ ಹಾಕುವ ಲಾಕರ್ ತಂತ್ರಾಂಶ) ಪರದೆಯನ್ನು ಮುಚ್ಚುವ ಮುನ್ನ ತೆರೆದಿದ್ದ ಕಡತಗಳೆಲ್ಲ ಒಂದು ಕ್ಷಣ ಕಾಣಿಸುತ್ತವೆ ಎಂದು ಇಲ್ಲಿ ಕೇಳಿದ್ದೆ. ಅದೀಗ ಸರಿಹೋಗಿದೆ.

ಎಕ್ಸ್‌ಆಟೋಲಾಕ್ ಎಂಬ ತಂತ್ರಾಂಶ ಬಳಸುವ ಸಲಹೆ ಈ ತೊಂದರೆಗೆ ಒದಗಲಿಲ್ಲ. ಅದು ಕೀಬೋರ್ಡ್ ಮತ್ತು ಮೌಸ್ ಸುಮ್ಮನಿದ್ದ ಅವಧಿಯನ್ನು ಎಣಿಸುತ್ತದೆಯೇ ಹೊರತು ಸ್ಲೀಪ್‌ನ ಸೂಚನೆಯನ್ನು ಗಮನಿಸುವುದಿಲ್ಲ. ಫಲ ಕೊಟ್ಟದ್ದು, ಸ್ಲೀಪ್‌ನ ಸೂಚನೆ ಬಂದಾಗ ಲಾಕರ್ ಅನ್ನು ಓಡಿಸುವ ಎಕ್ಸ್‌ಎಸ್‌ಎಸ್-ಲಾಕ್ ಅನ್ನು ಸೂಚಿಸಿದವರ ಉತ್ತರ. ಎಕ್ಸ್‌ಎಸ್‌ಎಸ್-ಲಾಕ್‌ಗೆ 'ಟ್ರಾನ್ಸ್‌ಫರ್-ಸ್ಲೀಪ್-ಲಾಕ್' (ಸ್ಲೀಪ್ ತಡೆಯುವ ಹಿಡಿತವನ್ನು ಲಾಕರ್‌ಗೆ ಒಪ್ಪಿಸುವ) ಆಯ್ಕೆಯನ್ನೂ, ಐ3ಲಾಕ್‌ಗೆ 'ನೋಫೋರ್ಕ್' (ಹಿನ್ನೆಲೆಗೆ ಸರಿಯದಂತೆ ಹೇಳುವ) ಆಯ್ಕೆಯನ್ನೂ ಕೊಟ್ಟರೆ, ಪರದೆ ಮುಚ್ಚಿದ್ದು ಖಚಿತವಾಗುವವರೆಗೆ ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಸ್ಲೀಪ್ ಅನ್ನು ತುಸು ತಡೆಹಿಡಿಯುತ್ತದೆ. ಮೊದಲನೆಯದನ್ನು ಮಾತ್ರ ಹಾಕಿ ನಿಲ್ಲಿಸಬೇಡಿ, ಎರಡೂ ಬೇಕು.

ಹುಡುಕಾಟದ ನಡುವೆ ತಿಳಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಇಂಥ ಹಗುರ ಲಾಕರ್‌ಗಳು ಎಕ್ಸ್ (ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಚಿತ್ರವನ್ನು ಮೂಡಿಸುವ ವ್ಯವಸ್ಥೆ) ಪರದೆಯನ್ನಷ್ಟೇ ಕಾಯುತ್ತವೆ. ಕನ್ಸೋಲ್‌ನಲ್ಲಿ (ಬರಿ ಅಕ್ಷರಗಳ ಪರದೆಯಲ್ಲಿ) ಲಾಗಿನ್ ಆಗಿ 'ಸ್ಟಾರ್ಟ್‌ಎಕ್ಸ್' ಆದೇಶದ ಮೂಲಕ ಡೆಸ್ಕ್‌ಟಾಪ್ ಆರಂಭಿಸುವವರ ಯಂತ್ರದಲ್ಲಿ, ಯಾರು ಬೇಕಾದರೂ ಕಂಟ್ರೋಲ್, ಆಲ್ಟ್ ಮತ್ತು ಫಂಕ್ಷನ್ ಕೀಗಳನ್ನು ಒತ್ತಿ ಆ ಕನ್ಸೋಲ್‌ಗೆ ಹೋಗಿ, ಎಕ್ಸ್ ಅನ್ನೇ ನಿಲ್ಲಿಸಿ ಶೆಲ್ (ಆದೇಶಗಳನ್ನು ಟೈಪಿಸುವ ಸ್ಥಳ) ಹಿಡಿಯಬಹುದು. ಇಂಥದೇ ಇನ್ನೊಂದು ಲಾಕರ್ ಆದ ಎಸ್‌ಲಾಕ್‌ನ ಕೈಪಿಡಿ ಈ ಬಗ್ಗೆ ಎಚ್ಚರಿಸಿ, ಎಕ್ಸ್‌ಆರ್ಗ್ (ಎಕ್ಸ್‌ನ ತಂತ್ರಾಂಶ) ಸಂರಚನೆಯಲ್ಲಿ 'ಡೋಂಟ್‌ವಿಟಿಸ್ವಿಚ್' (ಕನ್ಸೋಲ್‌ಗೆ ಜಿಗಿಯುವುದನ್ನು ತಡೆಯಲು) ಮತ್ತು 'ಡೋಂಟ್‌ಜ್ಯಾಪ್' (ಕೀ ಒತ್ತಿ ಎಕ್ಸ್ ನಿಲ್ಲಿಸುವುದನ್ನು ತಡೆಯಲು) ಸೇರಿಸಲು ಹೇಳುತ್ತದೆ. ನಾನು ಎರಡನ್ನೂ ಸೇರಿಸಿದ್ದೇನೆ.