ಸಹಾಯ ಬೇಕು: ಪಾರ್ಕಿಂಗ್ ನಿಯಮದ ಕರಡು ಒಮ್ಮೆ ನೋಡಿ ಹೇಳಿ

ಅಪಾರ್ಟ್‌ಮೆಂಟ್ ಸಂಘಕ್ಕೆ ಪಾರ್ಕಿಂಗ್ ನಿಯಮ ಬರೆಯುತ್ತಿದ್ದೇನೆ. ಹಳೆಯದರಲ್ಲಿ ಇರುವುದು ಒಂದೇ ಸಾಲು: 'ಬೇರೆಯವರಿಗೆ ತೊಂದರೆಯಾಗದಂತೆ ವಾಹನ ನಿಲ್ಲಿಸಬೇಕು.' ತೊಂದರೆ ಅಂದರೆ ಏನು ಅಂತ ಬರೆದಿಲ್ಲ. ಹಾಗಾಗಿ ಎಲ್ಲರೂ ನ್ಯಾಯಾಧೀಶರೇ.

ಅಳತೆ ಹೀಗಿದೆ. ಜಾಗದ ಅಗಲ 2.5 ಮೀಟರ್. ದೊಡ್ಡ ಕಾರು ಸುಮಾರು 1.9 ಮೀಟರ್, ಕನ್ನಡಿ ಬಿಟ್ಟು. ಸರಿಯಾಗಿ ನಡುವೆ ನಿಲ್ಲಿಸಿದರೆ ಆಚೆ ಈಚೆ 30 ಸೆಂ.ಮೀ., ಪಕ್ಕದ ಕಾರಿನದೂ ಸೇರಿ 60. ಬಾಗಿಲು ತೆಗೆದು ಇಳಿಯಲು ಅಷ್ಟು ಬೇಕೇ ಬೇಕು. ಒಬ್ಬರು 20 ಸೆಂ.ಮೀ. ವಾಲಿದರೆ ಉಳಿಯುವುದು 40. ಗೆರೆ ದಾಟಿರುವುದಿಲ್ಲ, ಆದರೂ ಪಕ್ಕದವರು ಇಳಿಯಲಾರರು. ಕಂಬದ ಪಕ್ಕದ ಜಾಗವಾದರೆ ಕೇಳುವುದೇ ಬೇಡ. ಆದ್ದರಿಂದ 'ನಾಲ್ಕೂ ಚಕ್ರ ಗೆರೆಯೊಳಗೆ' ಅನ್ನುವ ನಿಯಮ ಸಾಲದು ಅನಿಸುತ್ತದೆ. ಹಿಂಬದಿ ಚಕ್ರ ತಡೆಯುವ ಕಟ್ಟೆ ಹಾಕಿದರೆ ಉದ್ದದ ಜಗಳ ಮುಗಿಯುತ್ತದೆ, ಅಗಲದ್ದು ಮುಗಿಯುವುದಿಲ್ಲ.

ಇದನ್ನು ಬರೆದು ಅನುಭವ ಇರುವವರು ದಯವಿಟ್ಟು ತಿಳಿಸಿ:

ಗೆರೆಯಿಂದ ಒಳಗೆ ಕನಿಷ್ಠ ಅಂತರ ಅಂತ ನಮೂದಿಸಬಹುದೇ, ಅಥವಾ ಎರಡು ಜಾಗಗಳ ನಡುವೆ ಜೋಡಿ ಗೆರೆ ಎಳೆಯುವುದು ವಾಸಿಯೇ?

ಅತಿಥಿಗಳ ಜಾಗಕ್ಕೆ ಗಂಟೆಯ ಮಿತಿ ಇಟ್ಟರೆ ಲೆಕ್ಕ ಇಡುವವರು ಯಾರು? ಕಾವಲುಗಾರರ ತಲೆಗೆ ಕಟ್ಟಿದರೆ ಬೈಗುಳವೂ ಅವರಿಗೇ.

ದೂರಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕದೆ ಕಾರ್ಯದರ್ಶಿಗೆ ಮಾತ್ರ ಕಳಿಸಬೇಕು, ಮೊದಲ ಸಲ ಬರಿ ಸೂಚನೆ, ದಂಡಕ್ಕೆ ಮುಂಚೆ ವಾಹನದವರ ಮಾತು ಕೇಳಬೇಕು ಅಂತ ಸೇರಿಸಿದ್ದೇನೆ. ಇದನ್ನು ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಸಿದವರ ಬಳಿ ಪಠ್ಯ ಇದ್ದರೆ ಹಂಚಿಕೊಳ್ಳಿ.