ಗೋಡೆಗೆ ಅಂಟಿಸಿದ ಕುಂತಿಬೆಟ್ಟ ಗುಳ್ಳೆ ಎದ್ದಿದೆ, ಈ ಸಲ ಹೇಗೆ ಕೂರಿಸಲಿ?

ಮೀಟರ್‌ಗೇಜ್_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನಲ್ಲಿ ಅಜ್ಜನ ಕಾಲದ ಮನೆ, ಸುಣ್ಣದ ಗಾರೆಯ ದಪ್ಪ ಗೋಡೆ. ಹಿಂದಿನ ಕೋಣೆಯಲ್ಲಿ ಒಂದು ಗೋಡೆಗೆ 12 ಅಡಿ, ಮೂಲೆಯಲ್ಲಿ ತಿರುಗಿ ಪಕ್ಕದ ಗೋಡೆಗೆ 4 ಅಡಿ, ಹೀಗೆ ಮಾಡೆಲ್ ರೈಲು ಲೇಔಟ್ ಕಟ್ಟಿದ್ದೇನೆ. 1:87 ಸ್ಕೇಲ್, ಅಂದರೆ ನಿಜದ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 12 ಮಿಲಿಮೀಟರ್. ಬ್ರಾಡ್‌ಗೇಜ್ (ಅಗಲ ಹಳಿ) ಬರುವ ಮುಂಚಿನ ಪಾಂಡವಪುರ ಸ್ಟೇಷನ್ ನನ್ನ ಮನಸ್ಸಿನಲ್ಲಿರುವುದು, ಅದಕ್ಕೂ ಹಿಂದೆ ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದರಲ್ಲ, ಅದೇ. ಮುಂದೆ ಗೂಡ್ಸ್ ಲೈನು, ಆಮೇಲೆ ಕಬ್ಬಿನ ಗದ್ದೆ, ಹಿಂದೆ ಕುಂತಿಬೆಟ್ಟದ ಎರಡು ಬಂಡೆಗಳು. ನಿಜದಲ್ಲಿ ಬೆಟ್ಟ ಅಷ್ಟು ಹತ್ತಿರ ಇಲ್ಲ, ನಾನು ಎಳೆದುಕೊಂಡು ಬಂದಿದ್ದೇನೆ.

ಎರಡು ವರ್ಷದ ಹಿಂದೆ ಬೆಟ್ಟದ ಫೋಟೊವನ್ನು ಮನೆಯ ಇಂಕ್‌ಜೆಟ್‌ನಲ್ಲೇ ತುಂಡು ತುಂಡಾಗಿ ಪ್ರಿಂಟ್ ಮಾಡಿ, ಫೆವಿಕಾಲ್‌ಗೆ ನೀರು ಬೆರೆಸಿ ನೇರ ಗೋಡೆಗೆ ಅಂಟಿಸಿದೆ. ಮೊದಲ ಆರು ತಿಂಗಳು ಕಣ್ಣಿಗೆ ಹಬ್ಬ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಬೆಟ್ಟದ ಮೇಲೆಲ್ಲಾ ಗುಳ್ಳೆ, ಕೆಳಗಡೆ ಸುಣ್ಣದ ಸಮೇತ ಕಾಗದ ಎದ್ದು ಬಂದಿದೆ. ಪಶ್ಚಿಮಕ್ಕೆ ಕಿಟಕಿ ಇದೆ, ಅದರ ಎದುರಿನ ಆಕಾಶ ಮಾತ್ರ ಮಂಕಾಗಿ ಹಳದಿ ತಿರುಗಿದೆ. ಮೂಲೆಯಲ್ಲಿ ಕಾಗದ ಮಡಚಿದ ಗೆರೆ ಬೇರೆ, ಆಕಾಶವನ್ನು ಯಾರೋ ಎರಡು ಹೋಳು ಮಾಡಿದ ಹಾಗೆ.

ಈ ಸಲ ಖರ್ಚಾದರೂ ಪರವಾಗಿಲ್ಲ, ಸರಿಯಾಗಿ ಮಾಡಬೇಕು. ಯಾವ ಬೋರ್ಡು? ಹೇಗೆ ಅಂಟಿಸಲಿ? ಬಿಸಿಲು, ಧೂಳು, ಹಲ್ಲಿ ಇವುಗಳಿಂದ ಹೇಗೆ ಕಾಪಾಡಲಿ? ಮಾಡಿ ನೋಡಿದವರು ಹೇಳಿ.

ರೀಪರ್_ಪಟ್ಟಿ

ಸರ್, ಮೊದಲು ಗೋಡೆಯ ಆಸೆ ಬಿಡಿ. ಹಳೆಯ ಸುಣ್ಣದ ಗೋಡೆ ನೆಲದಿಂದ ನೀರು ಎಳೆಯುತ್ತದೆ, ಅದು ಒಣಗಬೇಕಾದರೆ ಉಸಿರಾಡಬೇಕು. ನೀವು ಅದರ ಮೇಲೆ ಕಾಗದ, ಅಂಟು ಹಾಕಿ ಬಾಯಿ ಮುಚ್ಚಿದ್ದೀರಿ. ನೀರು ಸಿಕ್ಕ ಕಡೆ ತಳ್ಳಿಕೊಂಡು ಬಂದಿದೆ, ಅಷ್ಟೇ.

ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಒಳಗಡೆ, ಗೋಡೆಯ ಬದಿಗೆ ಕಟ್ಟಿದರೆ ತೇವ ಗೋಡೆಯಿಂದ ಬರುತ್ತಿದೆ ಅಂತ ಅರ್ಥ. ಹೊರಗಡೆ ಕಟ್ಟಿದರೆ ಅದು ಕೋಣೆಯ ಗಾಳಿಯದು.

ಗೋಡೆಯಿಂದಲೇ ಅಂತಾದರೆ, ಬ್ಯಾಕ್‌ಡ್ರಾಪ್ (ಹಿಂದಿನ ಚಿತ್ರ) ಗೋಡೆಯನ್ನು ಮುಟ್ಟಲೇಬಾರದು. ಲೇಔಟಿನ ಮರದ ಫ್ರೇಮಿಗೇ ಹಿಂಬದಿಯಲ್ಲಿ ಎರಡಡಿಗೆ ಒಂದರಂತೆ ರೀಪರ್ (ಮರದ ಪಟ್ಟಿ) ನಿಲ್ಲಿಸಿ, ಅದಕ್ಕೆ ಬೋರ್ಡು ಕೂರಿಸಿ. ಗೋಡೆಗೂ ಬೋರ್ಡಿಗೂ ಎರಡು ಇಂಚು ಗ್ಯಾಪ್ ಇರಲಿ, ಮೇಲೆ ಕೆಳಗೆ ಮುಚ್ಚಬೇಡಿ, ಗಾಳಿ ಓಡಾಡಬೇಕು. ಗೆದ್ದಲ ಔಷಧಿ ಹಚ್ಚಿದ ರೀಪರ್ ಆದರೆ ಒಳ್ಳೆಯದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ತೇವಕ್ಕೆ ಅಂಚು ಊದಿಕೊಳ್ಳುತ್ತದೆ. 5 ಮಿಲಿಮೀಟರ್ ಸನ್‌ಬೋರ್ಡ್ ತಗೊಳ್ಳಿ, ನೀರು ಕುಡಿಯಲ್ಲ, ಗೆದ್ದಲು ತಿನ್ನಲ್ಲ, ಹಗುರ.

ಆದರೆ ಸನ್‌ಬೋರ್ಡಿಗೂ ಒಂದು ಗುಣ ಇದೆ. ಅದು ಪ್ಲಾಸ್ಟಿಕ್ಕು, ಬಿಸಿಗೆ ಉದ್ದ ಆಗುತ್ತದೆ. 12 ಅಡಿ ಉದ್ದಕ್ಕೆ 15 ಡಿಗ್ರಿ ವ್ಯತ್ಯಾಸ ಬಂದರೆ ಮೂರು ಮಿಲಿಮೀಟರಿಗೂ ಜಾಸ್ತಿ ಬೆಳೆಯುತ್ತದೆ. ಎಲ್ಲಾ ಕಡೆ ಸ್ಕ್ರೂ ಬಿಗಿದು ಕೂರಿಸಿದರೆ ಏಪ್ರಿಲ್‌ನಲ್ಲಿ ಆಕಾಶ ಹೊಟ್ಟೆ ಬಿಡುತ್ತದೆ. ನಡುವಿನ ಸ್ಕ್ರೂ ಮಾತ್ರ ಗಟ್ಟಿ ಮಾಡಿ, ಉಳಿದ ಕಡೆ ತೂತನ್ನು ಅಡ್ಡಕ್ಕೆ ಉದ್ದ ಕೊರೆದು, ವಾಷರ್ ಹಾಕಿ ಸಡಿಲವಾಗಿ ಹಿಡಿಸಿ.

ಬಣ್ಣದ_ರೋಲ್

ನಾನು ಮಂಡ್ಯದಲ್ಲಿ ಪ್ರಿಂಟಿಂಗ್ ಕೆಲಸದಲ್ಲಿದ್ದೇನೆ, ರೈಲಿನ ಬಗ್ಗೆ ಜಾಸ್ತಿ ಗೊತ್ತಿಲ್ಲ, ಪ್ರಿಂಟ್ ಬಗ್ಗೆ ಹೇಳುತ್ತೇನೆ. ಮನೆಯ ಇಂಕ್‌ಜೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ಡೈ ಇಂಕು. ಬಿಸಿಲಿಗೆ ಬಹಳ ಬೇಗ ಬಣ್ಣ ಬಿಡುತ್ತದೆ. ನಿಮ್ಮ ಆಕಾಶ ಹಳದಿ ಆಗಿದ್ದು ಅದಕ್ಕೇ, ನೀಲಿ ಹೋಗಿ ಉಳಿದದ್ದು ಕಾಣುತ್ತಿದೆ.

ಫ್ಲೆಕ್ಸ್ ಹಾಕಿಸಬೇಡಿ. ಅದು ದೂರದಿಂದ ನೋಡುವುದಕ್ಕೆ, ಎರಡಡಿಯಿಂದ ನೋಡಿದರೆ ಚುಕ್ಕೆ ಚುಕ್ಕೆ ಕಾಣುತ್ತದೆ, ಹೊಳೆಯುತ್ತದೆ ಕೂಡ. ವಿನೈಲ್ (ಹಿಂದೆ ಅಂಟಿರುವ ಪ್ಲಾಸ್ಟಿಕ್ ಹಾಳೆ) ಮೇಲೆ ಇಕೋ ಸಾಲ್ವೆಂಟ್ ಇಂಕಿನ ಪ್ರಿಂಟ್ ಹಾಕಿಸಿ, ಮೇಲೆ ಮ್ಯಾಟ್ ಲ್ಯಾಮಿನೇಷನ್. ಗ್ಲಾಸಿ ಹಾಕಿದರೆ ನಿಮ್ಮ ಲೈಟೆಲ್ಲಾ ಆಕಾಶದಲ್ಲಿ ಕಾಣುತ್ತದೆ, ಎಷ್ಟು ಚೆನ್ನಾಗಿ ಪ್ರಿಂಟ್ ಬಂದರೂ ವ್ಯರ್ಥ. ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಹೇಳಿ: ಪ್ರಿಂಟ್ ಆದಮೇಲೆ ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ಲ್ಯಾಮಿನೇಷನ್ ಮಾಡಬೇಕು. ಅವಸರದಲ್ಲಿ ಮಾಡಿದರೆ ಇಂಕಿನ ಸಾಲ್ವೆಂಟ್ ಒಳಗೇ ಸಿಕ್ಕಿಕೊಂಡು ಅಂಟು ಮೆತ್ತಗಾಗುತ್ತದೆ, ಅಂಚು ಸುರುಳಿ ಏಳುತ್ತದೆ.

ರೋಲಿನಲ್ಲಿ ಎಷ್ಟು ಉದ್ದ ಬೇಕಾದರೂ ಬರುತ್ತದೆ, 12 ಅಡಿಯೂ ಒಂದೇ ತುಂಡು ಮಾಡಿಸಿ. ಅಂಟಿಸಲು ಇಬ್ಬರು ಬೇಕು. ಬೋರ್ಡಿಗೆ ಸೋಪ್ ನೀರು ತೆಳ್ಳಗೆ ಸಿಂಪಡಿಸಿ, ಹಿಂದಿನ ಕಾಗದ ಒಂದಡಿ ಮಾತ್ರ ಬಿಡಿಸಿ ಕೂರಿಸಿ, ಆಮೇಲೆ ಒಬ್ಬರು ಕಾಗದ ಎಳೆಯುತ್ತಾ ಹೋಗಿ, ಇನ್ನೊಬ್ಬರು ಸ್ಕ್ವೀಜಿಯಿಂದ (ನೀರು ಒರೆಸುವ ಪಟ್ಟಿ) ನಡುವಿನಿಂದ ಅಂಚಿಗೆ ನೀರು ತಳ್ಳುತ್ತಾ ಬನ್ನಿ.

ರೀಪರ್_ಪಟ್ಟಿ

ಮೇಲಿನವರ ಮಾತಿನಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. 12 ಅಡಿ ಒಂದೇ ತುಂಡಾದರೆ ಅದನ್ನು ಮತ್ತೆ ಬಿಚ್ಚುವುದು ಹೇಗೆ? ಹಿಂದೆ ವೈರ್ ಕಿತ್ತರೆ, ಹಲ್ಲಿ ಮೊಟ್ಟೆ ಇಟ್ಟರೆ, ತೆಗೆಯಲೇಬೇಕು ಅಲ್ವಾ? ಸನ್‌ಬೋರ್ಡ್ ಸಿಗುವುದೇ 8 ಅಡಿ 4 ಅಡಿಯಲ್ಲಿ, ಹೇಗಿದ್ದರೂ ಜಾಯಿಂಟ್ ಬಂದೇ ಬರುತ್ತದೆ. ನಾಲ್ಕು ನಾಲ್ಕು ಅಡಿಯ ಮೂರು ಪ್ಯಾನೆಲ್ ಮಾಡಿ. ಒಂದೊಂದು ಬೆಳೆಯುವುದು ಒಂದು ಮಿಲಿಮೀಟರ್ ಚಿಲ್ಲರೆ ಮಾತ್ರ. ಫೋಟೊ ಒಂದೇ ಫೈಲು, ಆದರೆ ಕತ್ತರಿಸುವ ಗೆರೆ ತೆಂಗಿನ ಮರದ ಕಾಂಡದ ಅಂಚಿಗೇ ಬರುವ ಹಾಗೆ ನೋಡಿಕೊಳ್ಳಿ. ಖಾಲಿ ಆಕಾಶದಲ್ಲಿ ಜಾಯಿಂಟ್ ಮುಚ್ಚುವುದು ಕಷ್ಟ, ಮರ ಇದ್ದರೆ ಕಣ್ಣು ಅದನ್ನು ಮರ ಅಂತಲೇ ಓದಿಕೊಳ್ಳುತ್ತದೆ.

ಪರದೆ_ಮನೆ

ನಮ್ಮ ತಾತ ಮಂಡ್ಯ ಕಡೆ ಹಳ್ಳಿಗಳಿಗೆ ಡ್ರಾಮಾ ಸೀನರಿ ಬಾಡಿಗೆ ಕೊಡುತ್ತಿದ್ದರು. ದರ್ಬಾರು, ಕಾಡು, ಬೀದಿ, ಎಲ್ಲಾ ಬಟ್ಟೆಯ ಮೇಲೆ ಪುಡಿ ಬಣ್ಣದಲ್ಲಿ ಬರೆದ ಪರದೆಗಳು. ನಾನು ಮೂವತ್ತು ವರ್ಷ ಅವುಗಳನ್ನು ಹೊತ್ತು, ಸುತ್ತಿ, ಒಣಗಿಸಿ ಬೆಳೆದವನು. ನಿಮ್ಮ ಪ್ರಶ್ನೆ ಓದಿ ಬರೆಯಬೇಕು ಅನ್ನಿಸಿತು.

ಪರದೆಯನ್ನು ಯಾವತ್ತೂ ಮಡಚಬಾರದು, ಸುತ್ತಬೇಕು. ದಪ್ಪ ಬಿದಿರಿಗೆ, ಬಣ್ಣದ ಬದಿ ಹೊರಗೆ ಬರುವ ಹಾಗೆ. ನಿಮ್ಮ ವಿನೈಲ್ ಪ್ರಿಂಟಿಗೂ ಇದೇ ಮಾತು ಅನ್ವಯಿಸುತ್ತದೆ, ಅಂಗಡಿಯಿಂದ ತರುವಾಗ ಪೈಪಿಗೆ ಸುತ್ತಿಸಿಕೊಂಡು ಬನ್ನಿ.

ಅದಕ್ಕಿಂತ ಮುಖ್ಯ ಬಣ್ಣದ ಮಾತು. ತಾತ ಬೆಟ್ಟ ಬರೆಯುವಾಗ ಪ್ರತಿ ಬಣ್ಣಕ್ಕೂ ಸ್ವಲ್ಪ ನೀಲಿ, ಸ್ವಲ್ಪ ಬಿಳಿ ಬೆರೆಸುತ್ತಿದ್ದರು. ಹಿಂದೆ ಹೋದಷ್ಟೂ ಜಾಸ್ತಿ ಬೆರೆಸುತ್ತಿದ್ದರು. ಆಕಾಶ ಮೇಲೆ ಗಾಢ, ಬೆಟ್ಟದ ತುದಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಬಿಳಿ. ಪಾತ್ರಧಾರಿಯ ಕಿರೀಟಕ್ಕಿಂತ ಹಿಂದಿನ ಬೆಟ್ಟ ಎದ್ದು ಕಾಣಬಾರದು ಅನ್ನುವುದು ಅವರ ಲೆಕ್ಕ. ನಿಮ್ಮಲ್ಲಿ ಪಾತ್ರಧಾರಿ ರೈಲು. ಕುಂತಿಬೆಟ್ಟದ ಫೋಟೊ ಎಷ್ಟು ಚೆನ್ನಾಗಿ ಬಂದಿದ್ದರೂ ಅದನ್ನು ಹಾಗೇ ಪ್ರಿಂಟ್ ಮಾಡಿಸಬೇಡಿ, ಕಂಪ್ಯೂಟರಿನಲ್ಲಿ ಬಣ್ಣ, ಕಾಂಟ್ರಾಸ್ಟ್ ಎರಡೂ ಇಳಿಸಿ. ತುಸು ಮಂಕಾಯಿತು ಅನ್ನಿಸಿದರೆ ಸರಿಯಾಗಿದೆ ಅಂತ ತಿಳಿಯಿರಿ. ಮೊದಲು ಒಂದಡಿ ತುಂಡು ಪ್ರಿಂಟ್ ಮಾಡಿಸಿ, ನಿಮ್ಮ ಕೋಣೆಯ ಲೈಟಿನಲ್ಲೇ, ನಿಮ್ಮ ಮಾಡೆಲ್ ಮರಗಳ ಹಿಂದೆ ಹಿಡಿದು ನೋಡಿ.

ಇನ್ನೊಂದು, ಫೋಟೊದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದ್ದರೆ ಕೋಣೆಯ ಲೈಟೂ ಎಡದಿಂದಲೇ ಬರಬೇಕು. ಇಲ್ಲದಿದ್ದರೆ ಏನೋ ಸರಿಯಿಲ್ಲ ಅಂತ ನೋಡುವವರಿಗೆ ಅನ್ನಿಸುತ್ತಲೇ ಇರುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

ಮೀಟರ್‌ಗೇಜ್_ಮೈಸೂರು

ಎಲ್ಲರಿಗೂ ತುಂಬಾ ಧನ್ಯವಾದ, ಮುಖ್ಯವಾಗಿ ಆ ತೆಂಗಿನ ಮರದ ಉಪಾಯಕ್ಕೆ. ಎರಡು ಪ್ರಶ್ನೆ ಉಳಿದಿವೆ. ಮೂಲೆ ಹೇಗೆ ತಿರುಗಿಸಲಿ? ಮತ್ತು ಹಳಿಗೆ ಜಲ್ಲಿ ಅಂಟಿಸುವ ಕೆಲಸ ಇನ್ನೂ ಬಾಕಿ ಇದೆ, ಫೆವಿಕಾಲ್ ನೀರು ಸ್ಪ್ರೇ ಮಾಡುವಾಗ ಆಕಾಶಕ್ಕೆ ಹಾರುವುದಿಲ್ಲವೇ?

ಸಿಗ್ನಲ್_ಕ್ಯಾಬಿನ್

ಮೂಲೆಗೆ 3 ಮಿಲಿಮೀಟರ್ ಸನ್‌ಬೋರ್ಡ್ ತೆಗೆದುಕೊಂಡು ಒಳಕ್ಕೆ ದುಂಡಗೆ ಬಗ್ಗಿಸಿ. ಮೂಲೆಯಿಂದ ಎರಡೂ ಕಡೆ ಒಂದೊಂದು ಅಡಿ ಬಿಟ್ಟು ಬಾಗು ಶುರುವಾಗಲಿ. ಹೇರ್ ಡ್ರೈಯರ್‌ನಿಂದ ನಿಧಾನವಾಗಿ ಬಿಸಿ ಮಾಡಿದರೆ ಸುಲಭವಾಗಿ ಬಗ್ಗುತ್ತದೆ. ಬಾಗಿದ ಜಾಗದಲ್ಲಿ ಬೆಟ್ಟ, ಕಟ್ಟಡ ಏನೂ ಬೇಡ, ಬರೀ ಆಕಾಶ ಮತ್ತು ಮಾಸಲು ಗದ್ದೆ ಇರಲಿ.

ಸ್ಪ್ರೇ ಬಗ್ಗೆ: ಹಾರುತ್ತದೆ, ಖಂಡಿತ ಹಾರುತ್ತದೆ. ನನ್ನ ಮೊದಲ ಲೇಔಟಿನ ಆಕಾಶದಲ್ಲಿ ಅಂಟಿನ ಹನಿಗಳು ಒಣಗಿ ಹೊಳೆಯುತ್ತಿದ್ದವು, ಉಜ್ಜಿದರೆ ಪ್ರಿಂಟೇ ಕಿತ್ತು ಬರುತ್ತಿತ್ತು, ಕೊನೆಗೆ ಇಡೀ ಹಾಳೆ ಎಸೆದೆ. ಅದಕ್ಕೆ ಹೇಳುತ್ತೇನೆ, ನೀರಿನ ಕೆಲಸ, ಪ್ಲಾಸ್ಟರ್ ಕೆಲಸ ಎಲ್ಲಾ ಮುಗಿಯುವವರೆಗೆ ಪ್ರಿಂಟ್ ಕೂರಿಸಲೇಬೇಡಿ. ಅಲ್ಲಿಯವರೆಗೆ ಬೋರ್ಡಿಗೆ ತಿಳಿ ನೀಲಿ ಬಳಿದು ಬಿಡಿ. ಆಮೇಲೆ ಸಣ್ಣ ಪುಟ್ಟ ಸ್ಪ್ರೇ ಮಾಡುವಾಗ ಪ್ಯಾನೆಲ್‌ನ ಮೇಲಿನ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ತೆಳುವಾದ ಪ್ಲಾಸ್ಟಿಕ್ ಹಾಳೆ ಇಳಿಬಿಡಿ.

ನೆಲವನ್ನು ಬ್ಯಾಕ್‌ಡ್ರಾಪಿಗೆ ಅಂಟಿಸಬೇಡಿ. ಅರ್ಧ ಇಂಚು ಸಂದು ಬಿಟ್ಟು, ಅದರ ಮುಂದೆ ಒತ್ತೊತ್ತಾಗಿ ಕಬ್ಬು ನೆಡಿ. ಸಂದು ಕಾಣುವುದಿಲ್ಲ, ಪ್ಯಾನೆಲ್ ಮೇಲಕ್ಕೆ ಎತ್ತಿದರೆ ಬರುತ್ತದೆ. ಎತ್ತರದ ಮರಗಳನ್ನು ಮಾತ್ರ ಆಕಾಶದಿಂದ ಮೂರು ನಾಲ್ಕು ಇಂಚು ದೂರ ಇಡಿ, ಇಲ್ಲದಿದ್ದರೆ ಆಕಾಶದ ಮೇಲೆ ಮರದ ನೆರಳು ಬೀಳುತ್ತದೆ. ಲೈಟು ಲೇಔಟಿನ ಮುಂದಿನ ಅಂಚಿನ ಮೇಲಿರಲಿ, ಎಲ್ಇಡಿ ಸಾಕು. ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿ, ಯಾವ ಇಂಕೂ ದಿನಾ ಸಂಜೆ ಬಿಸಿಲು ತಡೆಯುವುದಿಲ್ಲ. ಧೂಳಿಗೆ ಮೆತ್ತನೆಯ ಅಗಲ ಬ್ರಷ್ಷು, ಮೇಲಿನಿಂದ ಕೆಳಕ್ಕೆ, ಒಣದಾಗಿ.

ಮೀಟರ್‌ಗೇಜ್_ಮೈಸೂರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಪರೀಕ್ಷೆ ಮಾಡಿದೆ, ಹನಿ ಗೋಡೆಯ ಬದಿಗೇ ಕಟ್ಟಿತು. ಹಳೆಯ ಕಾಗದ ಪೂರ್ತಿ ಕೆರೆದು ತೆಗೆದು ಗೋಡೆಯನ್ನು ಹಾಗೇ ಬಿಟ್ಟಿದ್ದೇನೆ. ರೀಪರ್ ನಿಂತಿವೆ, ಮೂರು ಪ್ಯಾನೆಲ್ ಕೂತಿವೆ. ಮೂಲೆಯ ಬಾಗು ಎರಡನೇ ಸಲಕ್ಕೆ ಸರಿಯಾಗಿ ಬಂತು, ಮೊದಲನೆಯದಕ್ಕೆ ಬಿಸಿ ಜಾಸ್ತಿಯಾಗಿ ಅಲೆ ಎದ್ದಿತ್ತು.

ಸದ್ಯಕ್ಕೆ ಬರೀ ತಿಳಿ ನೀಲಿ ಬಣ್ಣ. ಹಳೆಯ ಫೋಟೊ ಬೇಡ ಅಂತ ತೀರ್ಮಾನಿಸಿದ್ದೇನೆ, ಅದು ಮಧ್ಯಾಹ್ನ ತೆಗೆದದ್ದು, ನನ್ನ ಲೈಟು ಎಡದಿಂದ ಬರುತ್ತದೆ. ಡಿಸೆಂಬರ್ ಹೊತ್ತಿಗೆ ಕಬ್ಬಿಗೆ ಸೂಲಂಗಿ (ಹೂವು) ಬಂದಿರುತ್ತದೆ, ಆಗ ಒಂದು ಬೆಳಿಗ್ಗೆ ಪಾಂಡವಪುರಕ್ಕೆ ಹೋಗಿ ಹೊಸದಾಗಿ ತೆಗೆಯುತ್ತೇನೆ. ಅಷ್ಟರೊಳಗೆ ಜಲ್ಲಿ ಕೆಲಸ ಮುಗಿಸಿರಬೇಕು.